ಗುಡ್ಡದ ರಸ್ತೆ, 35 ಕಿ.ಮೀ., ಮಾರ್ಚ್ ಬಿಸಿಲು: 19ನೇ ಕಿಲೋಮೀಟರಿಗೇ ಕುಸಿದು ಕೂತೆ, ಎಲ್ಲಿ ತಪ್ಪಿದೆ?

ಕೌಲ್‌ಬಜಾರ್ ಓಟ:

ಎಲ್ಲರಿಗೂ ನಮಸ್ಕಾರ. ಊರು ಬಳ್ಳಾರಿ, ವಯಸ್ಸು 38, ಮೂರು ವರ್ಷದಿಂದ ಓಡುತ್ತಿದ್ದೇನೆ. ಸಪಾಟು ರಸ್ತೆಯಲ್ಲಿ ಅರ್ಧ ಮ್ಯಾರಥಾನ್ 2 ಗಂಟೆ 5 ನಿಮಿಷಕ್ಕೆ ಮುಗಿಸಿದ್ದೇನೆ. ಮಾರ್ಚ್ ಕೊನೆಯ ಭಾನುವಾರ 35 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಪೂರ್ತಿ ಗುಡ್ಡದ ರಸ್ತೆ, ಏರು ಎಲ್ಲ ಸೇರಿ 700 ಮೀಟರ್. ಬೆಳಿಗ್ಗೆ 6ಕ್ಕೆ ಶುರು, ಐದೂವರೆ ಗಂಟೆಯೊಳಗೆ ಮುಗಿಸಬೇಕು. ಇನ್ನು ನಾಲ್ಕು ವಾರ ಇದೆ.

ಹೋದ ಭಾನುವಾರ ಅಭ್ಯಾಸಕ್ಕೆ ಅಂತ ಸಂಡೂರಿಗೆ ಹೋಗಿದ್ದೆ. ಅಲ್ಲಿ ಗೆಳೆಯನ ಮನೆಯಲ್ಲಿ ಚಹಾ ಕುಡಿದು ಓಡಲು ಶುರು ಮಾಡಿದಾಗ ಏಳೂವರೆ. ಕುಮಾರಸ್ವಾಮಿ ಗುಡಿ ಕಡೆಯ ಏರು ಹಿಡಿದೆ. ವಾಚ್ ನೋಡಿಕೊಂಡು ಏರಿನಲ್ಲೂ ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡು ಬಿಡಲಿಲ್ಲ, ಇಳುಕಲಿನಲ್ಲಿ ಕಾಲು ಬಿಟ್ಟು ಓಡಿದೆ, ಹೋದ ಸಮಯ ಅಲ್ಲಿ ಸಿಗುತ್ತದೆ ಅಂದುಕೊಂಡೆ. ನೀರು ಎರಡು ಲೀಟರ್ ಕುಡಿದೆ, ತಿಂದಿದ್ದು ಏನೂ ಇಲ್ಲ. 16ರ ನಂತರ ನೀರು ಹೊಟ್ಟೆಯಲ್ಲೇ ಗುಳುಗುಳು ಅನ್ನುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. 19ಕ್ಕೆ ಬಂದಾಗ ಆ ಬಿಸಿಲಲ್ಲೂ ಕೈ ಮೇಲೆ ಮುಳ್ಳು ಎದ್ದವು, ಚಳಿ ಆದ ಹಾಗೆ. ತಲೆ ಸುತ್ತಿತು. ಒಂದು ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡೆ. ದಾರಿಯಲ್ಲಿ ಬಂದ ಯಾರೋ ಪುಣ್ಯಾತ್ಮರು ಬೈಕ್ ಮೇಲೆ ಕೂರಿಸಿಕೊಂಡು ಊರಿಗೆ ಬಿಟ್ಟರು.

ಗೆಳೆಯನ ಮನೆಯಲ್ಲಿ ತೂಕ ನೋಡಿದ್ದೆ. ಹೊರಡುವಾಗ 71 ಕಿಲೋ, ವಾಪಸ್ ಬಂದ ತಕ್ಷಣ 69. ಆಮೇಲೆ ನಾಲ್ಕು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಹತ್ತಲು ಆಗುತ್ತಿತ್ತು, ಇಳಿಯಲು ಮಾತ್ರ ಗೋಡೆ ಹಿಡಿಯಬೇಕಿತ್ತು.

ನನಗೆ ಅರ್ಥ ಆಗದ್ದು ಇಷ್ಟೇ: ಹುಟ್ಟಿದಾಗಿನಿಂದ ಬಳ್ಳಾರಿ ಬಿಸಿಲಲ್ಲೇ ಇದ್ದೇನೆ. ಬೇಸಿಗೆಗೆ 40 ಡಿಗ್ರಿ ದಾಟೋದು ನಮಗೆ ಹೊಸದಲ್ಲ. ಫೆಬ್ರವರಿ ಬಿಸಿಲಿಗೇ ಹೀಗಾದರೆ ಮಾರ್ಚ್ ಕೊನೆಗೆ ಏನು ಕಥೆ? ಹೆಸರು ವಾಪಸ್ ತೆಗೆದುಕೊಳ್ಳಲಾ?

ದೋಣಿಮಲೈ ದಾರಿ:

ತಮ್ಮಾ, ಮೊದಲು ಒಂದು ಪ್ರಶ್ನೆ. ದಿನಾ ಎಷ್ಟು ಗಂಟೆಗೆ ಓಡುತ್ತೀರಿ? ಕೆಲಸ ಎಲ್ಲಿ, ಹೊರಗಾ ಒಳಗಾ?

ಕೌಲ್‌ಬಜಾರ್ ಓಟ:

ಅಣ್ಣಾ, ಬೆಳಿಗ್ಗೆ ಐದಕ್ಕೆ ಶುರು ಮಾಡಿ ಆರೂವರೆಗೆ ಮನೆ. ಕೆಲಸ ಆಫೀಸಿನೊಳಗೆ, ದಿನಪೂರ್ತಿ ಎಸಿ. ಬೈಕ್‌ನಲ್ಲಿ ಹೋಗಿ ಬರುವಾಗ ಬೀಳುವ ಬಿಸಿಲು ಅಷ್ಟೇ.

ದೋಣಿಮಲೈ ದಾರಿ:

ನನಗೂ ಅದೇ ಅನುಮಾನ ಇತ್ತು. ನೀವು ಬಳ್ಳಾರಿಯವರು ನಿಜ, ಆದರೆ ನಿಮ್ಮ ಮೈ ಬಳ್ಳಾರಿ ಬಿಸಿಲಲ್ಲಿ ಓಡಿಯೇ ಇಲ್ಲ. ಐದಕ್ಕೆ ಓಡುತ್ತೀರಿ, ಬಿಸಿಲು ಏರುವ ಹೊತ್ತಿಗೆ ಎಸಿ ಒಳಗೆ ಇರುತ್ತೀರಿ. ಬಿಸಿಲಿನ ಊರಲ್ಲಿ ಇರೋದು ಬೇರೆ, ಬಿಸಿಲಲ್ಲಿ ಮೈ ದಂಡಿಸೋದು ಬೇರೆ. ಹತ್ತಿ ಬಿಡಿಸುವವರು, ಗಾರೆ ಕೆಲಸದವರು ಮಧ್ಯಾಹ್ನ ತಡೆದುಕೊಳ್ಳುತ್ತಾರಲ್ಲ, ಅದು ಹುಟ್ಟಿದ ಊರಿನಿಂದ ಬಂದಿದ್ದಲ್ಲ, ದಿನಾ ಮಾಡಿ ಮಾಡಿ ಬಂದಿದ್ದು.

ಲೆಕ್ಕ ಹಾಕಿ ನೋಡಿ. ಆರಕ್ಕೆ ಶುರು ಆದರೆ ನಿಮ್ಮ ಕೊನೆಯ ಹತ್ತು ಕಿಲೋಮೀಟರು ಬರೋದು ಒಂಬತ್ತೂವರೆ ಮೇಲೆ. ಆ ಹೊತ್ತಿನಲ್ಲಿ ನೀವು ಒಂದು ದಿನವೂ ಓಡಿಲ್ಲ. ಕಾಲು 35ಕ್ಕೆ ತಯಾರಾಗಿರಬಹುದು, ಚರ್ಮ ತಯಾರಾಗಿಲ್ಲ.

ಸರಿ ಮಾಡಲು ಆಗುತ್ತದೆ, ಹೆದರಬೇಡಿ. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಸಾಕು. ಬೆವರು ಬೇಗ ಶುರು ಆಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆ ಆಗುತ್ತದೆ, ರಕ್ತದಲ್ಲಿ ನೀರಿನ ಭಾಗ ಹೆಚ್ಚುತ್ತದೆ, ಅದಕ್ಕೇ ಎದೆಬಡಿತವೂ ಇಳಿಯುತ್ತದೆ. ಓಟಕ್ಕೆ ಮೂರು ವಾರ ಇದ್ದಾಗ ಶುರು ಮಾಡಿ. ವಾರಕ್ಕೆ ಐದು ದಿನ, ಆಫೀಸಿನಿಂದ ಸ್ವಲ್ಪ ಬೇಗ ಬರಲು ಆದರೆ ಸಂಜೆ ನಾಲ್ಕೂವರೆಗೆ, ರಜೆ ದಿನ ಬೆಳಿಗ್ಗೆ ಒಂಬತ್ತಕ್ಕೆ. ಮೊದಲ ದಿನ 25 ನಿಮಿಷ, ನಿಧಾನಕ್ಕೆ ಒಂದು ಗಂಟೆಯವರೆಗೆ. ಜೊತೆಯವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು ಮೆಲ್ಲಗೆ. ವೇಗದ ಓಟ, ಉದ್ದ ಓಟ ಮೊದಲಿನ ಹಾಗೆ ತಂಪು ಹೊತ್ತಲ್ಲೇ ಇರಲಿ. ಬಿಸಿಲು ಬಿಟ್ಟರೆ ಒಗ್ಗಿದ್ದೂ ಕೆಲವೇ ವಾರದಲ್ಲಿ ಹೋಗುತ್ತದೆ, ಅದಕ್ಕೇ ಕೊನೆಯ ವಾರವೂ ಎರಡು ಮೂರು ದಿನ ಬಿಸಿಲಲ್ಲಿ ಸಣ್ಣದಾಗಿ ಓಡಿ.

ಇನ್ನು ಗುಡ್ಡ. ಏರಿನಲ್ಲಿ 6:15 ಹಿಡಿದಿದ್ದೇ ದೊಡ್ಡ ತಪ್ಪು. ಏರಿಗೆ ಹೋದರೆ ವಾಚನ್ನು ಮರೆತುಬಿಡಿ, ಉಸಿರು ಕೇಳಿ. ಸಪಾಟಿನಲ್ಲಿ ಎಷ್ಟು ಏದುಸಿರು ಇತ್ತೋ ಏರಿನಲ್ಲೂ ಅಷ್ಟೇ ಇರಬೇಕು, ಅದಕ್ಕೆ ವೇಗ ಎಂಟು ನಿಮಿಷಕ್ಕೆ ಬಂದರೆ ಬರಲಿ.

ನಿಮ್ಮನ್ನು ಮುಗಿಸಿದ್ದು ಮಾತ್ರ ಇಳುಕಲು. ಮೆಟ್ಟಿಲು ಹತ್ತಲು ಬರುತ್ತಿತ್ತು, ಇಳಿಯಲು ಆಗುತ್ತಿರಲಿಲ್ಲ ಅಂದಿರಲ್ಲ, ಅದೇ ಗುರುತು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದುಕೊಂಡೇ ಎಳೆದುಕೊಳ್ಳುತ್ತದೆ, ಒಳಗೆ ಸಣ್ಣ ಸಣ್ಣ ಎಳೆ ಹರಿಯುತ್ತವೆ. ಆ ಹೊತ್ತಿಗೆ ಗೊತ್ತಾಗೋದಿಲ್ಲ, ಮುಂದಿನ ಏರಿನಲ್ಲಿ ಕಾಲು ಕಲ್ಲಾಗುತ್ತದೆ. ಮದ್ದು ಕೂಡ ಇಳುಕಲೇ. ಒಮ್ಮೆ ನೋವು ತಿಂದ ತೊಡೆ ಮುಂದಿನ ಸಲ ಅಷ್ಟು ನೋಯೋದಿಲ್ಲ, ಆ ರಕ್ಷಣೆ ಕೆಲವು ವಾರ ಇರುತ್ತದೆ. ಹೋದ ಭಾನುವಾರದ ನೋವು ಸುಮ್ನೆ ಹೋಗಲಿಲ್ಲ, ನಿಮ್ಮ ಲೆಕ್ಕಕ್ಕೆ ಜಮಾ ಆಗಿದೆ. ಇನ್ನೂ ಎರಡು ಸಲ ಇಳುಕಲು ಓಡಿ, ಓಟಕ್ಕೆ ಹತ್ತು ದಿನ ಇರುವಾಗ ನಿಲ್ಲಿಸಿ. ಹೆಜ್ಜೆ ಚಿಕ್ಕದು, ಬೇಗ ಬೇಗ, ಮಂಡಿ ಸ್ವಲ್ಪ ಬಾಗಿರಲಿ. ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ.

ನಮ್ಮ ಕಡೆ ಬಂದರೆ ಇನ್ನೊಂದು ನೋಡಿಕೊಳ್ಳಿ, ತಿರುವಿನಲ್ಲಿ ಲಾರಿಯಿಂದ ಉದುರಿದ ಅದಿರಿನ ಪುಡಿ ಇರುತ್ತದೆ, ಬೂಟು ಜಾರುತ್ತದೆ. ಎದುರಿಗೆ ಗಾಡಿ ಕಾಣುವ ಬದಿಗೆ ಓಡಿ, ಕಿವಿಗೆ ಏನೂ ಹಾಕಬೇಡಿ.

ಕೊಪ್ಪಳದ ಸಿಸ್ಟರ್:

ನಾನು ನರ್ಸ್, ನಾನೂ ಓಡುತ್ತೇನೆ. ಅಣ್ಣಾವ್ರು ಹೇಳಿದ್ದೆಲ್ಲ ಒಪ್ಪುತ್ತೇನೆ. ನೀರಿನ ಬಗ್ಗೆ ಬರೆಯಲೇಬೇಕು ಅನಿಸಿತು.

ನಿಮ್ಮ ತೂಕದ ಲೆಕ್ಕ ತುಂಬಾ ಉಪಯೋಗದ್ದು. ಎರಡು ಕಿಲೋ ಇಳಿದಿದೆ, ಎರಡು ಲೀಟರ್ ಕುಡಿದಿದ್ದೀರಿ. ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್. ಅಂದರೆ ನಾಲ್ಕು ಲೀಟರ್ ಹತ್ತಿರ ಹೊರಗೆ ಹೋಗಿದೆ, ವಾಂತಿ ಕಳೆದರೂ ಎರಡು ಗಂಟೆ ಚಿಲ್ಲರೆಯಲ್ಲಿ ಮೂರು ಲೀಟರ್ ಮೇಲೆ ಬೆವರು. ನಿಮಗೆ ಬೆವರು ಜಾಸ್ತಿ. ಆದರೆ ಓಡುವಾಗ ಅಷ್ಟು ಬೆವರಿದ್ದೇನೆ ಅನಿಸಿತ್ತಾ? ಅನಿಸಿರೋದಿಲ್ಲ. ನಮ್ಮದು ಒಣ ಹವೆ, ಬಂದ ಬೆವರು ಬಂದ ಹಾಗೇ ಆರುತ್ತದೆ. ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಇತ್ತಾ ನೋಡಿ.

ಹಾಗಂತ ಹೋಗಿದ್ದನ್ನೆಲ್ಲ ಕುಡಿದು ತುಂಬಿಸಲು ಹೋಗಬೇಡಿ. ಜೋರಾಗಿ ಓಡುವಾಗ ರಕ್ತ ಎಲ್ಲ ಕಾಲಿಗೆ, ಚರ್ಮಕ್ಕೆ ಹೋಗಿರುತ್ತದೆ, ಹೊಟ್ಟೆಗೆ ಉಳಿಯೋದು ಸ್ವಲ್ಪ. ಅದಕ್ಕೇ ನೀರು ಗುಳುಗುಳು ಅಂದಿದ್ದು. ವೇಗ ಇಳಿಸಿದ್ದರೆ ಅದೇ ನೀರು ಕೆಳಗೆ ಇಳಿಯುತ್ತಿತ್ತು. ಗಂಟೆಗೆ 500ರಿಂದ 700 ಮಿ.ಲೀ., ಗುಟುಕು ಗುಟುಕಾಗಿ. ಓಟದ ಕೊನೆಗೆ ಒಂದೂವರೆ ಕಿಲೋ ಇಳಿದಿದ್ದರೆ ಚಿಂತೆ ಇಲ್ಲ. ತೂಕ ಏರಿದ್ದರೆ ಚಿಂತೆ ಮಾಡಬೇಕು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮಿದುಳು ಊದಿಕೊಳ್ಳುತ್ತದೆ, ಅದರಲ್ಲಿ ಜೀವ ಹೋದವರಿದ್ದಾರೆ. ನಿಧಾನಕ್ಕೆ ಐದು ಗಂಟೆ ಓಡುವ ನಮ್ಮಂಥವರಿಗೇ ಅದು ಜಾಸ್ತಿ, ಯಾಕಂದರೆ ಪ್ರತಿ ಟೇಬಲ್ ಹತ್ತಿರ ನಿಂತು ಕುಡಿಯಲು ನಮಗೇ ಸಮಯ ಇರುತ್ತದೆ.

ಓಆರ್‌ಎಸ್ ತೆಗೆದುಕೊಳ್ಳುವುದಾದರೆ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿರುವ ಪೊಟ್ಟಣ, ಒಂದು ಲೀಟರ್ ನೀರಿಗೆ 20.5 ಗ್ರಾಂ. ಪೂರ್ತಿ ಪೊಟ್ಟಣ, ಪೂರ್ತಿ ಲೀಟರ್. ಅರ್ಧ ಲೀಟರಿಗೆ ಒಂದು ಪೊಟ್ಟಣ ಹಾಕಬೇಡಿ. ಅದರಲ್ಲಿ ಸಕ್ಕರೆ ಅಂಶ 13.5 ಗ್ರಾಂ ಅಷ್ಟೇ, ಹೊಟ್ಟೆಗೆ ಸಾಲೋದಿಲ್ಲ, ಊಟ ಬೇರೆ ಬೇಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೋಗಬೇಕು. ಒಂದು ಬಾಳೆಹಣ್ಣು 25 ಗ್ರಾಂ ಹತ್ತಿರ, ನಿಂಬೆ ಗಾತ್ರದ ಒಂದು ಬೆಲ್ಲದ ಉಂಡೆಯೂ ಅಷ್ಟೇ. ಹಿಂದಿನ ರಾತ್ರಿ ಅನ್ನ ಮಜ್ಜಿಗೆ ಒಳ್ಳೆಯದು. ಜೋಳದ ರೊಟ್ಟಿ, ಕಾಳು ಪಲ್ಯ ನಮ್ಮ ದಿನದ ಊಟ, ಆದರೆ ಅದರ ನಾರು ಓಡುವಾಗ ಹೊಟ್ಟೆ ಕೆಡಿಸಬಹುದು, ಒಂದು ರಾತ್ರಿ ಬಿಡಿ. ಮಿರ್ಚಿ ಮಂಡಕ್ಕಿ ಓಟ ಮುಗಿದ ಮೇಲೆ.

ನೋವಿನ ಮಾತ್ರೆ ನುಂಗಿ ಓಡಬೇಡಿ. ನೀರು ಕಡಿಮೆ ಆದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ.

ಬಿಸಿಲಲ್ಲಿ ಮೈ ಮೇಲೆ ಮುಳ್ಳು ಎದ್ದವು ಅಂದಿರಲ್ಲ, ಅದು ನಿಲ್ಲು ಅಂತ ಮೈ ಕೊಡುವ ಸೂಚನೆ. ಅದನ್ನು ದಾಟಿ ಓಡಿದರೆ ಮಾತು ತೊದಲುತ್ತದೆ, ದಿಕ್ಕು ತಪ್ಪುತ್ತದೆ, ಒಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಯಾರಾದರೂ ಹಾಗೆ ಕಂಡರೆ 108ಕ್ಕೆ ಫೋನ್ ಮಾಡಿ, ಆದರೆ ಗಾಡಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ನೆರಳಿಗೆ ಎಳೆದು ಮೈ ಪೂರ್ತಿ ನೀರು ಸುರಿದು ಗಾಳಿ ಬೀಸಿ, ಐಸ್ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಮೊದಲ ಅರ್ಧ ಗಂಟೆಯಲ್ಲಿ ತಂಪು ಮಾಡಿದರೆ ಉಳಿಯುತ್ತಾರೆ. ದಯವಿಟ್ಟು ಇದನ್ನು ನಿಮ್ಮ ಜೊತೆ ಓಡುವವರಿಗೂ ಹೇಳಿ.

ಗಂಗಾವತಿ ಕಾಲುವೆ:

ನೀರು ಕುಡಿಯೋದಷ್ಟೇ ಅಲ್ಲ, ತಲೆ ಮೇಲೆ ಹಾಕಿಕೊಳ್ಳಿ. ಮಡಕೆ ನೀರು ತಣ್ಣಗಾಗೋದು ಹೇಗೆ? ಹೊರಗೆ ಜಿನುಗಿದ್ದು ಆರಿ ಒಳಗಿನ ಶಾಖ ಒಯ್ಯುತ್ತದೆ. ಮೈಯೂ ಹಾಗೇ. ಸಂಡೂರು, ಬಳ್ಳಾರಿಯ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಗದ್ದೆ ಬಯಲಲ್ಲಿ ನೀರು ಬಿಟ್ಟಾಗ ಬೆಳಿಗ್ಗೆ ಗಾಳಿಯೇ ಒದ್ದೆ, ಆಗ ಅಷ್ಟು ಆಗೋದಿಲ್ಲ. ನಾನು ಆನೆಗುಂದಿ, ಸಣಾಪುರ ಕಡೆ ಓಡುವಾಗ ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತೇನೆ. ಅಲ್ಲಿ ಇನ್ನೊಂದು ತೊಂದರೆ, ಎಂಟು ಗಂಟೆ ಆದರೆ ಬಂಡೆಗಳೇ ಶಾಖ ಕಕ್ಕುತ್ತವೆ, ಬಂಡೆ ನಡುವಿನ ರಸ್ತೆಯಲ್ಲಿ ಗಾಳಿಯೂ ಆಡೋದಿಲ್ಲ. ಅಂಥ ಕಡೆ ಇನ್ನೂ ನಿಧಾನ.

ರಾಯಚೂರು ಸಪಾಟು:

ನಮಗೆ ಗುಡ್ಡದ ರಸ್ತೆಯೇ ಇಲ್ಲ. ಕೋಟೆ ಗುಡ್ಡ ಹತ್ತಿ ಇಳಿಯುತ್ತೇನೆ, ಮೇಲ್ಸೇತುವೆ ಮೇಲೆ ಹತ್ತು ಸಲ ಹೋಗಿ ಬರುತ್ತೇನೆ. ನನ್ನ ಮೊದಲ ಗುಡ್ಡದ ಓಟ ಮುಗಿದಿದ್ದು ಕರೆಂಟ್ ಕಂಬದಿಂದ. ಏರು ಬಂತು ಅಂದರೆ ಎರಡು ಕಂಬ ಓಟ, ಒಂದು ಕಂಬ ನಡಿಗೆ. ಮೊದಲ ಏರಿನಿಂದಲೇ ಶುರು ಮಾಡಬೇಕು, ಸುಸ್ತಾದ ಮೇಲೆ ಅಲ್ಲ. ಆದರೆ ಒಂದು ಕೇಳಬೇಕು, ನಡೆದರೆ ಅದು ಓಟ ಅನಿಸುತ್ತದಾ? ನನ್ನ ಜೊತೆಯವರು ಇನ್ನೂ ಒಪ್ಪೋದಿಲ್ಲ.

ದೋಣಿಮಲೈ ದಾರಿ:

ಒಪ್ಪಿಸಿ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ಕಾಮ್ರೇಡ್ಸ್ ಅನ್ನುವ ಓಟ ಇದೆ, ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿ.ಮೀ. ಗುಡ್ಡದ ರಸ್ತೆ. ಸಾಮಾನ್ಯವಾಗಿ ಒಂದು ವರ್ಷ ಹತ್ತುವ ದಿಕ್ಕು, ಇನ್ನೊಂದು ವರ್ಷ ಇಳಿಯುವ ದಿಕ್ಕು, 12 ಗಂಟೆ ಗಡುವು. ಅಲ್ಲಿ ಸಾವಿರಾರು ಜನ ಏರಿನಲ್ಲಿ ನಡೆದೇ ಪದಕ ತೆಗೆದುಕೊಳ್ಳುತ್ತಾರೆ. ಇನ್ನು ಬಿಸಿಲು ಏನು ಮಾಡುತ್ತದೆ ಅನ್ನೋದಕ್ಕೆ 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿ ಇಟ್ಟರೂ ಹೊರಟ 68 ಜನರಲ್ಲಿ 28 ಜನ ಮುಗಿಸಲಿಲ್ಲ. ಅವರೆಲ್ಲ ಜಗತ್ತಿನ ದೊಡ್ಡ ಓಟಗಾರ್ತಿಯರು. ನಡೆಯೋದರಲ್ಲಿ ನಾಚಿಕೆ ಏನಿದೆ?

ಕೌಲ್‌ಬಜಾರ್ ಓಟ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸಂಜೆ ನಾಲ್ಕೂವರೆ ಓಟ ಮೊದಲ ನಾಲ್ಕು ದಿನ ಬಹಳ ಕಷ್ಟ ಆಯಿತು, ಎದೆಬಡಿತ ಸುಮ್ನೆ 165. ಈಗ ಅದೇ ರಸ್ತೆ, ಅದೇ ವೇಗ, 150. ಅಂಗಿ ಮೇಲಿನ ಬಿಳಿ ಗೆರೆಯೂ ತೆಳುವಾಗಿದೆ, ಸಿಸ್ಟರ್ ಹೇಳಿದ ಮೇಲೆ ದಿನಾ ಅದನ್ನೇ ನೋಡುತ್ತಿದ್ದೆ.

ಹತ್ತು ದಿನದ ಹಿಂದೆ ಮತ್ತೆ ಸಂಡೂರಿಗೆ ಹೋಗಿ ಬೇಕಂತಲೇ ಏಳೂವರೆಗೆ ಶುರು ಮಾಡಿ 22 ಕಿ.ಮೀ. ಓಡಿದೆ. ವಾಚಿಗೆ ಟೇಪ್ ಅಂಟಿಸಿದ್ದೆ. ಏರಿನಲ್ಲಿ ಎರಡು ಕಂಬ ಓಟ, ಒಂದು ಕಂಬ ನಡಿಗೆ, ಕಂಬ ಇಲ್ಲದ ಕಡೆ ಹೆಜ್ಜೆ ಎಣಿಸಿದೆ. ಒಂದೂವರೆ ಲೀಟರ್ ಕುಡಿದೆ, ಎರಡು ಬಾಳೆಹಣ್ಣು, ಬೆಲ್ಲ. 71ರಿಂದ 69.6. ವಾಂತಿ ಇಲ್ಲ, ಮುಳ್ಳು ಏಳಲಿಲ್ಲ. ಹೋದ ಸಲ ಕೂತ ಬೇವಿನ ಮರದ ಹತ್ತಿರ ನಿಂತು ತಲೆಗೆ ನೀರು ಸುರಿದುಕೊಂಡು ಮುಂದೆ ಹೋದೆ, ಆಗ ಕಣ್ಣು ತುಂಬಿತು. ತೊಡೆ ಒಂದೂವರೆ ದಿನ ನೋಯಿತು, ಅಷ್ಟೇ.

ಹೆಸರು ವಾಪಸ್ ತೆಗೆದುಕೊಂಡಿಲ್ಲ. ಗುರಿ 5 ಗಂಟೆ 10 ನಿಮಿಷ. ಕೊನೆಯ ಪ್ರಶ್ನೆ: ಓಆರ್‌ಎಸ್ ಬಾಟಲಿ ಪೂರ್ತಿ ದಾರಿ ಬೆನ್ನಿಗೆ ಹಾಕಿಕೊಂಡು ಹೋಗಲಾ, ಇಲ್ಲ 18ರ ಹತ್ತಿರ ಗೆಳೆಯನನ್ನು ನಿಲ್ಲಿಸಲಾ?

ಕೊಪ್ಪಳದ ಸಿಸ್ಟರ್:

ಅರ್ಧ ಲೀಟರ್ ಕೈಯಲ್ಲಿ, ಉಳಿದಿದ್ದು ಗೆಳೆಯನ ಹತ್ತಿರ. ಆದರೆ 18ಕ್ಕೆ ಬೇಡ, 24ಕ್ಕೆ ನಿಲ್ಲಿಸಿ, ನಿಮಗೆ ಜೊತೆ ಬೇಕಾಗೋದು ಒಂಬತ್ತರ ಮೇಲೆ. ಒಂದು ಒದ್ದೆ ಟವೆಲ್ಲೂ ಕೊಟ್ಟಿರಿ ಅವರಿಗೆ.