ಕ್ರುಸೇಡರ್ ಕಿಂಗ್ಸ್ 3 ದಖ್ಖನ್ ಮಾಡ್: ಆರು ಜನ ಸೇರಿ ಕೆಲಸ ಮಾಡೋದು ಹೇಗೆ?

ಕೋಟೆಬಾಗಿಲು:
ಕ್ರುಸೇಡರ್ ಕಿಂಗ್ಸ್ 3 ಮಧ್ಯಯುಗದ ರಾಜವಂಶ ನಡೆಸುವ ಕಂಪ್ಯೂಟರ್ ಆಟ. ಅದರ 867 ಮತ್ತು 1066ನೇ ಇಸವಿಯ ಎರಡೂ ಆರಂಭಗಳಿಗೆ ದಖ್ಖನ್ ಭಾಗವನ್ನು ತಿದ್ದುವ ಮಾಡ್ (ಆಟಗಾರರೇ ಮಾಡುವ ಮಾರ್ಪಾಡು) ಇದು. ಇಬ್ಬರಿಗೆ ಸ್ಕ್ರಿಪ್ಟ್ ಬರುತ್ತೆ, ಒಬ್ಬರು ನಕ್ಷೆ ಮಾಡ್ತಾರೆ, ಉಳಿದ ಮೂವರಿಗೆ ಶಾಸನ, ಇತಿಹಾಸ ಗೊತ್ತು, ಕೋಡ್ ಬರಲ್ಲ. ಸದ್ಯಕ್ಕೆ ಎಲ್ಲರೂ ಜಿಪ್ ಕಳಿಸ್ತಾರೆ, ಒಬ್ಬರು ಸೇರಿಸ್ತಾರೆ. ಪ್ರತಿ ಸಲ ಯಾರದ್ದಾದರೂ ಕೆಲಸ ಅಳಿಸಿಹೋಗುತ್ತೆ. ಹೊಸಬರು ಬೇಸತ್ತು ಬಿಡ್ತಾರೆ. ಎಲ್ಲಿಂದ ಸರಿಮಾಡಬೇಕು?

ಸಾಲುಮರ:
ಇಬ್ಬರು ಒಂದೇ ಫೈಲ್ ಮುಟ್ಟದ ಹಾಗೆ ಮೊದಲು ಕೆಲಸ ಹಂಚಿ. ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತೆ.

ಜಿಪ್ ಇವತ್ತೇ ಬಿಡಿ, ಯಾರು ಏನು ಬದಲಿಸಿದರು ಅಂತ ದಾಖಲಿಸಿಡುವ ಗಿಟ್‌ಗೆ ಬನ್ನಿ. ಪ್ರತಿಯೊಬ್ಬರು ಬರೆಯುವ ಆಟದ ಘಟನೆಗಳಿಗೂ ಬೇರೆ ಫೈಲ್, ಬೇರೆ ನೇಮ್‌ಸ್ಪೇಸ್ (ಘಟನೆಯ ಸಂಖ್ಯೆಗೆ ಮೊದಲು ಬರೋ ಗುಂಪಿನ ಹೆಸರು) ಇರಲಿ. ಮದುವೆಯ ಘಟನೆಗಳು ಒಬ್ಬರವು, ದಾನಶಾಸನದವು ಇನ್ನೊಬ್ಬರವು. ಒಂದೇ ನೇಮ್‌ಸ್ಪೇಸ್‌ನಲ್ಲಿ ಇಬ್ಬರೂ 0001 ಅಂತ ಶುರುಮಾಡಿದರೆ ಒಂದು ಘಟನೆ ಇನ್ನೊಂದನ್ನು ನುಂಗುತ್ತೆ.

ಮೂಲ ಆಟದ ಫೈಲನ್ನು ಪೂರ್ತಿ ನಕಲು ಮಾಡಿ ಎರಡು ಸಾಲು ಬದಲಿಸೋ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಿಸಿ. ಆಟಕ್ಕೆ ಹೊಸ ಪ್ಯಾಚ್ ಬಂದಾಗ ಆ ಹಳೆಯ ನಕಲೇ ಹೊಸದನ್ನೆಲ್ಲ ಮುಚ್ಚಿಹಾಕುತ್ತೆ. ಆನ್-ಆಕ್ಷನ್‌ಗಳಲ್ಲೂ (ಆಟದಲ್ಲಿ ಹುಟ್ಟು, ಸಾವಿನಂಥದ್ದು ಆದಾಗ ತಾನೇ ಓಡುವ ಸ್ಕ್ರಿಪ್ಟ್) ಹಾಗೇ. ಮೂಲ ಆನ್-ಆಕ್ಷನ್‌ನೊಳಗೆ ನೇರವಾಗಿ ಎಫೆಕ್ಟ್ (ಏನು ಆಗಬೇಕು ಅನ್ನೋ ಆದೇಶ) ಬರೆದರೆ ಅಲ್ಲಿದ್ದ ಎಫೆಕ್ಟ್ ಹೋಗುತ್ತೆ. ನಿಮ್ಮದೇ ಒಂದು ಆನ್-ಆಕ್ಷನ್ ಮಾಡಿ, ಮೂಲದ ಪಟ್ಟಿಗೆ ಅದರ ಹೆಸರು ಮಾತ್ರ ಸೇರಿಸಿ.

ಪರದೆಯ ಮೇಲೆ ವಾಕ್ಯದ ಬದಲು ಬರೀ ಕೀ (ವಾಕ್ಯಕ್ಕೆ ಕೋಡ್‌ನಲ್ಲಿಟ್ಟ ಹೆಸರು) ಕಾಣ್ತಿದ್ಯಾ? ಹಾಗಿದ್ದರೆ ಹೆಚ್ಚಾಗಿ ಲೋಕಲೈಸೇಶನ್ ಫೈಲ್ (ಆಟದ ವಾಕ್ಯಗಳಿರುವ ಫೈಲ್) ಬಾಮ್ (ಫೈಲ್‌ನ ಶುರುವಿನಲ್ಲಿರೋ ಎನ್‌ಕೋಡಿಂಗ್ ಗುರುತು) ಇಲ್ಲದೆ ಸೇವ್ ಆಗಿರುತ್ತೆ. ಅದು ಯುಟಿಎಫ್-8 ಬಾಮ್ ಸಹಿತವೇ ಇರಬೇಕು. ಪ್ರತಿಯೊಬ್ಬರಿಗೂ ನೆನಪಿಸುವ ಬದಲು ಎಡಿಟರ್‌ಕಾನ್ಫಿಗ್ ಫೈಲ್‌ನಲ್ಲಿ ಒಮ್ಮೆ ಬರೆದಿಡಿ, ಎಡಿಟರ್ ತಾನೇ ನೋಡಿಕೊಳ್ಳುತ್ತೆ.

ಬಣ್ಣದಡ್ಡೆ:
ನಕ್ಷೆಯ ವಿಷಯಕ್ಕೆ ಸೇರಿಸ್ತೀನಿ. ಪ್ರಾವಿನ್ಸ್ ಚಿತ್ರವನ್ನು (ನಕ್ಷೆಯ ಪ್ರತಿ ಪ್ರದೇಶಕ್ಕೂ ಒಂದು ಬಣ್ಣ ತುಂಬಿದ ಚಿತ್ರ) ಗಿಟ್ ಮರ್ಜ್ ಮಾಡಲ್ಲ, ಅಂದರೆ ಇಬ್ಬರ ಬದಲಾವಣೆ ಒಂದಾಗಿ ಸೇರಿಸಲ್ಲ. ಇಬ್ಬರು ಬದಲಿಸಿದರೆ ಒಬ್ಬರ ಕೆಲಸ ಹೋದಂತೆಯೇ. ಗಿಟ್ ಎಲ್‌ಎಫ್‌ಎಸ್ (ದೊಡ್ಡ ಫೈಲ್‌ಗಳಿಗಾಗಿರೋ ಗಿಟ್ ಸೇರ್ಪಡೆ) ಹಾಕಿ, ಕೆಲಸ ಶುರುಮಾಡುವಾಗ ಲಾಕ್, ಮುಗಿದಾಗ ಅನ್‌ಲಾಕ್. ಗಿಟ್ ಕೆಲಸ ಇಡುವ ಜಾಲತಾಣ ಗಿಟ್‌ಹಬ್ ಹೇಗೂ ಎಲ್‌ಎಫ್‌ಎಸ್ ಇಲ್ಲದೆ 100 ಎಂಬಿ ದಾಟಿದ ಫೈಲ್ ತೆಗೆದುಕೊಳ್ಳಲ್ಲ.

ಬ್ರಷ್ ಬೇಡ, ಪೆನ್ಸಿಲ್ ಬಳಸಿ, ಆಂಟಿಅಲಿಯಾಸಿಂಗ್ (ಅಂಚನ್ನು ನಯಗೊಳಿಸೋದು) ಆಫ್ ಇರಲಿ. ಒಂದೊಂದು ಪ್ರಾವಿನ್ಸ್‌ಗೂ ಡೆಫಿನಿಶನ್ ಪಟ್ಟಿಯಲ್ಲಿ ಒಂದೇ ಆರ್‌ಜಿಬಿ ಬಣ್ಣ. ಮಳಖೇಡದ ಗಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಎಳೆದರೆ ಅಂಚಿನಲ್ಲಿ ಎರಡು ಬಣ್ಣ ಬೆರೆತು, ಪಟ್ಟಿಯಲ್ಲೇ ಇಲ್ಲದ ಮೂರನೆಯ ಬಣ್ಣ ಹುಟ್ಟುತ್ತೆ. ಕಣ್ಣಿಗೆ ಕಾಣಲ್ಲ, ಎರರ್ ಲಾಗ್ (ಆಟ ತಪ್ಪುಗಳನ್ನು ಬರೆದಿಡುವ ಫೈಲ್) ಮಾತ್ರ ತುಂಬಿಹೋಗುತ್ತೆ. ಜೆಪೆಗ್ ಆಗಿ ಒಂದು ಸಲ ಸೇವ್ ಮಾಡಿದರೂ ಇದೇ ಗತಿ.

ಹಳೇಶಾಸನ:
ಕೋಡ್ ಬರದ ಆ ಮೂವರೇ ನಿಮ್ಮ ಮಾಡ್‌ನ ಆಸ್ತಿ. ಅವರ ಮೇಲೆ ಗಿಟ್ ಹೇರಬೇಡಿ. ಒಂದು ಸ್ಪ್ರೆಡ್‌ಶೀಟ್ ಕೊಡಿ: ಹೆಸರು, ತಂದೆ, ವಂಶ, ಹುಟ್ಟು, ಸಾವು, ಆಧಾರ. ಆಧಾರದ ಕಾಲಂನಲ್ಲಿ ಶಾಸನ ಸಂಪುಟ, ಪುಟ ಕಡ್ಡಾಯ. ಅದರಿಂದ ಕ್ಯಾರೆಕ್ಟರ್ ಫೈಲ್ ತೆಗೆಯುವ ಸಣ್ಣ ಸ್ಕ್ರಿಪ್ಟ್ ಬರೆಯೋದು ಕೋಡ್ ಬಲ್ಲವರ ಕೆಲಸ. ಪಾತ್ರಗಳ ಐಡಿಗಳಿಗೆ ಬರೀ ಅಂಕಿ ಬೇಡ, ಮಾಡ್‌ನ ಹೆಸರು ಮುಂದೆ ಸೇರಿಸಿದರೆ ಬೇರೆ ಮಾಡ್‌ಗಳ ಜೊತೆ ಡಿಕ್ಕಿ ಆಗಲ್ಲ.

ಹೊಸಬರಿಗೆ ‘ಏನಾದರೂ ಮಾಡಿ’ ಅಂದರೆ ಏನೂ ಆಗಲ್ಲ. ‘867ರಲ್ಲಿ ಅಮೋಘವರ್ಷನ ಆಸ್ಥಾನದ ನಾಲ್ವರ ಹೆಸರಿನ ಕಾಗುಣಿತ ನೋಡಿ, ಭಾನುವಾರದೊಳಗೆ’ ಅನ್ನಿ. ಒಂದು ಸಂಜೆಯಲ್ಲಿ ಮುಗಿಯೋ ಕೆಲಸ ಅದು. ಕಳಿಸಿದ್ದನ್ನು ಎರಡು ದಿನದೊಳಗೆ ನೋಡಿ ಉತ್ತರ ಕೊಡಿ. ಇದು ಬಹಳ ಮುಖ್ಯ, ಜನ ಬಿಟ್ಟುಹೋಗೋದು ಕೆಲಸ ಕಷ್ಟ ಅಂತಲ್ಲ, ಕಳಿಸಿದ್ದಕ್ಕೆ ಯಾರೂ ಮಾತಾಡಲಿಲ್ಲ ಅಂತ. ಮುಂದಿನ ಬಿಡುಗಡೆಯ ಟಿಪ್ಪಣಿಯಲ್ಲಿ ಅವರ ಹೆಸರೂ ಮಾಡಿದ ಕೆಲಸವೂ ಇರಲಿ. ಬಿಟ್ಟುಹೋದ ಮೇಲೆ ಅವರ ಕೆಲಸ ಬಳಸಬಹುದಾ ಅನ್ನೋದನ್ನ ಸೇರುವಾಗಲೇ ಲಿಖಿತವಾಗಿ ಒಪ್ಪಿಕೊಳ್ಳಿ.

ಕೋಟೆಬಾಗಿಲು:
ಎಲ್ಲರಿಗೂ ಧನ್ಯವಾದ. ಹುಟ್ಟಿದ ವರ್ಷ ಶಾಸನದಲ್ಲಿ ಸಿಗೋದೇ ಅಪರೂಪ. ಏನು ಹಾಕೋದು?

ಹಳೇಶಾಸನ:
ಹೆಸರು ಸಿಗುವ ಮೊದಲ ಶಾಸನದಿಂದ ಹಿಂದಕ್ಕೆ ಎಣಿಸಿ, ತಂದೆಗೂ ಮಗನಿಗೂ ಕನಿಷ್ಠ 16 ವರ್ಷದ ಅಂತರ ಇಡಿ. ಉದಾಹರಣೆಗೆ 1066ಕ್ಕೆ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ. 1068ರಲ್ಲಿ ಮಗ ಎರಡನೇ ಸೋಮೇಶ್ವರ, 1076ರಲ್ಲಿ ಅವನ ತಮ್ಮ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬರ್ತಾರೆ. ಆರಂಭದ ದಿನ ಅಣ್ಣತಮ್ಮಂದಿರಿಬ್ಬರೂ ವಯಸ್ಕರಾಗಿರಬೇಕು, ಅಣ್ಣ ಹಿರಿಯನಾಗಿರಬೇಕು. ಅಂದಾಜಿನ ಸಾಲಿನ ಕೊನೆಗೆ ಹ್ಯಾಶ್ ಚಿಹ್ನೆ ಹಾಕಿ ‘ಊಹೆ’ ಅಂತ ಬರೆಯಿರಿ. ಆಟ ಅದನ್ನು ಓದಲ್ಲ, ಮುಂದೆ ತಿದ್ದುವವರು ಓದ್ತಾರೆ.

ಸಾಲುಮರ:
ಮರ್ಜ್‌ಗೆ ಮುಂಚೆ ಪ್ರತಿ ಸಲ ಸಿಕೆ3-ಟೈಗರ್ (ಮಾಡ್‌ನ ತಪ್ಪು ಹುಡುಕುವ ಸಾಧನ) ಓಡಿಸಿ. ಇಲ್ಲದ ಘಟನೆಯನ್ನು ಕರೆಯೋದು, ಲೋಕಲೈಸೇಶನ್ ಬಿಟ್ಟುಹೋಗಿರೋದು ಅದರಲ್ಲೇ ಸಿಗುತ್ತೆ. ಆಮೇಲೆ ಡೀಬಗ್ ಮೋಡ್‌ನಲ್ಲಿ ಎರಡೂ ಆರಂಭ ತೆರೆದು, ಒಂದೊಂದು ವರ್ಷ ಓಡಿಸಿ, ಲಾಗ್ಸ್ ಫೋಲ್ಡರ್‌ನ ಎರರ್ ಲಾಗ್ ನೋಡಿ. ಹಿಂದಿನ ಬಿಡುಗಡೆಯ ಲಾಗ್ ಎತ್ತಿಟ್ಟಿದ್ದರೆ ಹೊಸ ತಪ್ಪು ಯಾವುದು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತೆ.