ಅಪ್‌ಡೇಟ್: ಕ್ಲಿಪ್ ಹಾಕಿಸಿದ ಮೇಲೆ ಮಗಳ ಹಲ್ಲಿನ ಬೇರು ಗಿಡ್ಡವಾಗಿದೆ ಅಂತ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ, ಮೇಲಿನ ಎರಡು ಮುಂದಿನ ಹಲ್ಲಿನ ಬೇರು ಸವೆದಿದೆ, ಕ್ಲಿಪ್ ತೆಗೆಸಲೇ ಅಂತ. ನಿನ್ನೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಹಳೇ ಎಕ್ಸ್‌ರೇ, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟರು. ಚೂಪಾಗಿದ್ದ ಬೇರಿನ ತುದಿ ಈಗ ಸವೆದ ಬಳಪದ ಹಾಗೆ ಮೊಂಡಾಗಿದೆ, ನೋಡಿ ಹೊಟ್ಟೆ ಚುರ್ ಅಂದಿತು. ತಂತಿ ಹಲ್ಲನ್ನು ತಳ್ಳುವಾಗ ಆ ಕಡೆಯ ಮೂಳೆ ಕರಗಿ ದಾರಿ ಬಿಡುತ್ತದೆ, ಅದರ ಜೊತೆಗೆ ಕೆಲವರಿಗೆ ಬೇರಿನ ತುದಿಯೂ ಕರಗುತ್ತದಂತೆ, ಮೇಲಿನ ಮುಂದಿನ ಹಲ್ಲುಗಳಿಗೇ ಜಾಸ್ತಿ. ಹೋದ ಬೇರು ಮತ್ತೆ ಬೆಳೆಯುವುದಿಲ್ಲ. ಆದರೆ ಒತ್ತಡ ನಿಲ್ಲಿಸಿದರೆ ಕರಗುವುದೂ ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗಾಗಿ 3 ತಿಂಗಳು ತಂತಿ ಬಿಗಿ ಮಾಡುವುದಿಲ್ಲ, ಆಮೇಲೆ ಮತ್ತೆ ಎಕ್ಸ್‌ರೇ. ಹಲ್ಲು ಅಲ್ಲಾಡುತ್ತಿಲ್ಲ, ಸದ್ಯಕ್ಕೆ ಅದೇ ಸಮಾಧಾನ. ಮಕ್ಕಳಿಗೆ ಕ್ಲಿಪ್ ಹಾಕಿಸಿದವರು ದಯವಿಟ್ಟು ಮಧ್ಯದಲ್ಲಿ ಒಂದು ಎಕ್ಸ್‌ರೇ ಬೇಕಾ ಅಂತ ನೀವೇ ಕೇಳಿ.