ಪಾರ್ಟ್ನಾಖ್ ತೊರೆ ಹುಟ್ಟುವ ಜಾಗದವರೆಗೆ ನಡೆದವರು ಇದ್ದೀರಾ?

ಮ್ಯೂನಿಕ್‌ಗೆ ಬಂದು ಹೆಚ್ಚು ದಿನ ಆಗಿಲ್ಲ. ಇಲ್ಲಿಂದ ದಕ್ಷಿಣಕ್ಕೆ ಆಲ್ಪ್ಸ್ ಬುಡದಲ್ಲಿರುವ ಗಾರ್ಮಿಷ್ ಊರಿನ ಪಾರ್ಟ್ನಾಖ್‌ಕ್ಲಾಮ್ ಕಂದರ ನೋಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ತೊರೆಯ ಮೂಲದವರೆಗೂ ಹೋಗುವ ಆಸೆ. ಊರಿಂದ ಅಪ್ಪ ಬರುತ್ತಿದ್ದಾರೆ. ಅರವತ್ತು ದಾಟಿದೆ, ಆದರೆ ಚೆನ್ನಾಗಿ ನಡೆಯುತ್ತಾರೆ. ಒಂದೇ ದಿನದಲ್ಲಿ ಆಗುತ್ತಾ? ಯಾವಾಗ ಹೋಗಬೇಕು?

ಆ ಕಡೆ ಆಗಾಗ ಹೋಗುವವರು: ಒಂದೇ ದಿನಕ್ಕೆ ಬೇಡ ಸರ್. ತೊರೆ ಇಡೀ ಸುಮಾರು 18 ಕಿ.ಮೀ. ಅಷ್ಟೇ, ನಿಜ. ಆದರೆ 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಸ್ಕೀ ಸ್ಟೇಡಿಯಂನಿಂದ ಹೊರಟರೆ ರೈಂಟಾಲ್ ಕಣಿವೆಯ ಕೊನೆಯಲ್ಲಿರುವ ರೈಂಟಾಲಾಂಗರ್ ಹಟ್ ತಲುಪಲು ಐದು ಗಂಟೆಯಾದರೂ ಬೇಕು. ಹಟ್ ಇರುವುದು 1,369 ಮೀಟರ್ ಎತ್ತರದಲ್ಲಿ. ರಾತ್ರಿ ಅಲ್ಲೇ ಉಳಿಯಿರಿ, ಹಾಸಿಗೆ ಮೊದಲೇ ಬುಕ್ ಮಾಡಿ. ಮೂಲ ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ. ದಾರಿಯಲ್ಲಿ ಬಾಕ್ ಹಟ್ ಸಿಗುತ್ತದೆ, ಅಪ್ಪನಿಗೆ ಕಾಲು ಚಾಚಲು ಒಳ್ಳೆಯ ಜಾಗ. ಬ್ಯಾಗಿನಲ್ಲಿ ಚಪಾತಿ, ಚಟ್ನಿಪುಡಿ ಇರಲಿ.

ಭೂವಿಜ್ಞಾನ ಓದಿದವಳು: ಮೂಲದಲ್ಲಿ ಏನು ನೋಡುತ್ತಿದ್ದೇವೆ ಅಂತ ಗೊತ್ತಿದ್ದರೆ ನಡಿಗೆಗೆ ಬೇರೆಯೇ ರುಚಿ ಬರುತ್ತದೆ. ಮೇಲೆ 2,962 ಮೀಟರಿನ ತ್ಸುಗ್‌ಶ್ಪಿಟ್ಸೆ ಶಿಖರ ಇದೆ, ಅದರ ಮಗ್ಗುಲಿಗೆ ತ್ಸುಗ್‌ಶ್ಪಿಟ್ಸ್‌ಪ್ಲಾಟ್ ಎಂಬ ಬಯಲು. ಅಲ್ಲಿ ಅಷ್ಟೊಂದು ಹಿಮ ಕರಗಿದರೂ ಮೇಲೆ ಹರಿಯುವ ಹೊಳೆ ಕಾಣುವುದೇ ಅಪರೂಪ. ಸುಣ್ಣಕಲ್ಲು ಬಿರುಕು ಬಿರುಕಾಗಿದೆ, ನೀರೆಲ್ಲ ಒಳಗೆ ಇಳಿದುಬಿಡುತ್ತದೆ. ಕೆಳಗೆ ಬಂಡೆಯ ಬುಡದಲ್ಲಿ ಒಮ್ಮೆಲೇ ಉಕ್ಕುತ್ತದೆ, ಅದೇ ಪಾರ್ಟ್ನಾಖ್. ಪ್ಲಾಟ್‌ನಲ್ಲಿ ನೀರಿಗೆ ಬಣ್ಣ ಹಾಕಿ, ಅದು ಈ ಬುಗ್ಗೆಯಲ್ಲಿ ಹೊರಬರುವುದನ್ನು ಪರೀಕ್ಷಿಸಿ ನೋಡಿದ್ದಾರೆ.

ಹಿಮನದಿಯ ನೀರು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಅದು ಅರ್ಧ ಸತ್ಯ. ಮುಖ್ಯವಾಗಿ ಆ ವರ್ಷದ ಹಿಮ ಮತ್ತು ಮಳೆ ಇದನ್ನು ಸಾಕುತ್ತದೆ. ಪ್ಲಾಟ್‌ನಲ್ಲಿದ್ದ ದಕ್ಷಿಣದ ಶ್ನೇಫೆರ್ನರ್ ಹಿಮನದಿ ಅಂತೂ 2022ರಲ್ಲೇ ಹಿಮನದಿಗಳ ಪಟ್ಟಿಯಿಂದ ಹೊರಬಿತ್ತು. ಬುಗ್ಗೆಯ ಅಬ್ಬರ ನೋಡಬೇಕಾದರೆ ಜೂನ್ ಸರಿ. ಸೆಪ್ಟೆಂಬರ್‌ನಲ್ಲಿ ದಾರಿ ಸುಲಭ, ನೀರು ಕಡಿಮೆ.

ಇನ್ನೊಬ್ಬರು: ಅಪ್ಪನ ಜೊತೆ ಅಂದರೆ ನಾನು ಸೆಪ್ಟೆಂಬರ್ ಅನ್ನುತ್ತೇನೆ. ಇನ್ನೊಂದು ಮಾತು. ನೆಟ್‌ನಲ್ಲಿ ನೀಲಿ ಕೊಳದ ಫೋಟೋ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಅದು ಬ್ಲೌವೆ ಗುಂಪೆ. ಹಳೆಯ ಬಂಡೆ ಕುಸಿತ ಕಣಿವೆಗೆ ಅಡ್ಡ ಬಿದ್ದು ನಿಂತ ನೀರು ಅದು. 2005ರ ಆಗಸ್ಟ್ ಪ್ರವಾಹದಲ್ಲಿ ಜಲ್ಲಿಕಲ್ಲು ತುಂಬಿ ಮುಚ್ಚಿಹೋಯಿತು. ಈಗ ಅಲ್ಲಿ ಬಿಳಿ ಕಲ್ಲಿನ ಹಾಸು. ನೀರು ಕಡಿಮೆ ಇದ್ದಾಗ ತೊರೆಯೇ ಜಲ್ಲಿಯೊಳಗೆ ಮಾಯವಾಗಿ ಕೆಳಗೆಲ್ಲೋ ಮತ್ತೆ ಕಾಣಿಸುತ್ತದೆ. ನನಗೆ ಕೊಳಕ್ಕಿಂತ ಇದೇ ಇಷ್ಟ.

ಮಕ್ಕಳ ಜೊತೆ ಹೋದವರು: ಕ್ಲಾಮ್ ಸುಮಾರು 700 ಮೀಟರ್ ಉದ್ದ, ಗೋಡೆಗಳು ಕೆಲವೆಡೆ 80 ಮೀಟರ್ ಎತ್ತರ. ಬೇಸಿಗೆಯಲ್ಲೂ ಮೇಲಿಂದ ನೀರು ತೊಟ್ಟಿಕ್ಕುತ್ತದೆ, ರೇನ್‌ಕೋಟ್ ಬೇಕು. ಟಿಕೆಟ್ ಇದೆ. ಹಿಮ ಕರಗುವಾಗ, ಜೋರು ಮಳೆ ಬಂದಾಗ ಮುಚ್ಚುತ್ತಾರೆ, ಹಿಂದಿನ ದಿನ ವಿಚಾರಿಸಿ. 1991ರಲ್ಲಿ ಒಳಗೆ ದೊಡ್ಡ ಬಂಡೆ ಕುಸಿತ ಆಗಿತ್ತು, ಅಲ್ಲಿ ದಾರಿ ಸುರಂಗದಲ್ಲಿ ಹೋಗುತ್ತದೆ. ಹಿಂದೆ ಕಾಡಿನ ಮರದ ತುಂಡುಗಳನ್ನು ಇದೇ ನೀರಲ್ಲಿ ತೇಲಿಬಿಟ್ಟು ಊರಿಗೆ ಸಾಗಿಸುತ್ತಿದ್ದರಂತೆ. ಆ ಇಕ್ಕಟ್ಟು ನೋಡಿದರೆ ನಂಬೋಕೇ ಆಗಲ್ಲ.

ಭೂವಿಜ್ಞಾನ ಓದಿದವಳು: ಕಂದರ ಅಷ್ಟು ಇಕ್ಕಟ್ಟಾಗಲು ಕಲ್ಲೇ ಕಾರಣ. ಅಲ್ಲಿ ಗಟ್ಟಿ ಸುಣ್ಣಕಲ್ಲು, ಆಚೆ ಈಚೆ ಮೆದು ಪದರ. ಮೆದು ಇರುವಲ್ಲಿ ಕಣಿವೆ ಅಗಲವಾಗಿದೆ. ಆ ಮೆದು ಪದರಕ್ಕೆ ಭೂವಿಜ್ಞಾನದಲ್ಲಿ ಈ ತೊರೆಯ ಹೆಸರೇ ಇದೆ.

ಪ್ರಶ್ನೆ ಕೇಳಿದವನು: ತುಂಬಾ ಥ್ಯಾಂಕ್ಸ್. ಸೆಪ್ಟೆಂಬರ್, ಎರಡು ದಿನ ಅಂತ ಇಟ್ಟುಕೊಂಡೆ. ಗಾರ್ಮಿಷ್ ದಾಟಿದ ಮೇಲೆ ಈ ನೀರು ಎಲ್ಲಿಗೆ ಹೋಗುತ್ತದೆ? ವಾಪಸ್ ಬರುವಾಗ ಮತ್ತೆ ಕ್ಲಾಮ್ ಒಳಗೇ ಬರಬೇಕಾ?

ಆ ಕಡೆ ಆಗಾಗ ಹೋಗುವವರು: ಗಾರ್ಮಿಷ್‌ನಲ್ಲಿ ಲೊಯ್ಸಾಖ್ ನದಿ ಸೇರುತ್ತದೆ, ಆ ನದಿ ವೋಲ್ಫ್‌ರಾಟ್ಸ್‌ಹೌಸನ್ ಹತ್ತಿರ ಈಸಾರ್ ನದಿಯನ್ನು ಸೇರುತ್ತದೆ. ಅಂದರೆ ನಿಮ್ಮ ಮ್ಯೂನಿಕ್‌ಗೇ ಬರುತ್ತದೆ! ವಾಪಸ್ ಬರುವಾಗ ಕ್ಲಾಮ್ ಬೇಡವಾದರೆ ಪಾರ್ಟ್ನಾಖ್‌ಆಲ್ಮ್ ಎಂಬ ಬೆಟ್ಟದ ಮೇಲಿನ ಹೋಟೆಲ್ ಮೂಲಕ ಹೋಗುವ ದಾರಿ ಹಿಡಿಯಿರಿ. ಸ್ವಲ್ಪ ಹತ್ತಬೇಕು, ಆಮೇಲೆ ಸ್ಟೇಡಿಯಂವರೆಗೆ ಇಳಿಜಾರು. ಅಪ್ಪನಿಗೆ ಮಂಡಿ ನೋವಿದ್ದರೆ ಊರುಗೋಲು ಮರೆಯಬೇಡಿ.